ಮೇಜಿನ ಕೆಳಗೊಂದು ಹಲಗೆ

ನಾನು ಓದುವ ಮೇಜಿನ ಕೆಳಗೆ ಪುಸ್ತಕಗಳು ನೆಲದ ಮೇಲೇ ಬಿದ್ದಿರುತ್ತಿದ್ದವು. ನೋಡಿ ನೋಡಿ ಬೇಸರವಾಗಿ ಈ ಭಾನುವಾರ ಅಲ್ಲೊಂದು ಹಲಗೆ ಕೂರಿಸಿದೆ.

ಕಾಲುಗಳ ನಡುವಿನ ಅಂತರ ಮೇಲೆ ಎಷ್ಟಿದೆಯೋ ಕೆಳಗೂ ಅಷ್ಟೇ ಇರುತ್ತದೆ ಅಂದುಕೊಳ್ಳಬೇಡಿ. ನನ್ನ ಮೇಜಿನಲ್ಲಿ 6 ಮಿ.ಮೀ. ವ್ಯತ್ಯಾಸವಿತ್ತು. ನೆಲದಿಂದ 15 ಸೆಂ.ಮೀ. ಎತ್ತರದಲ್ಲಿ ನಾಲ್ಕೂ ಕಾಲಿಗೆ ಪೆನ್ಸಿಲ್ ಗುರುತು ಹಾಕಿ, ಅಲ್ಲೇ ಮತ್ತೆ ಅಳೆದೆ.

ಎಡಕ್ಕೊಂದು, ಬಲಕ್ಕೊಂದು ಅಡ್ಡಪಟ್ಟಿಯನ್ನು ಕಾಲುಗಳ ಒಳಬದಿಗೆ ಸ್ಕ್ರೂ ಹಾಕಿ ಬಿಗಿದೆ. ಸ್ಕ್ರೂಗಿಂತ ಸಣ್ಣದಾದ ತೂತು ಮೊದಲೇ ಕೊರೆಯಲೇಬೇಕು. ಅವಸರದಲ್ಲಿ ಕೊರೆಯದೆ ಬಿಟ್ಟ ಮೊದಲ ಪಟ್ಟಿಯ ತುದಿ ಸೀಳಿಹೋಯಿತು. ಒಳ್ಳೆಯ ಮರ ಅದು, ತುಂಬಾ ಬೇಜಾರಾಯಿತು.

ಅಗಲವಾದ ಒಂದೇ ಹಲಗೆ ಬದಲು ಐದು ಕಿರಿದಾದ ಹಲಗೆ ಹಾಕಿದೆ, ನಡುನಡುವೆ 5 ಮಿ.ಮೀ. ಸಂದು ಬಿಟ್ಟು. ಗಾಳಿಯಲ್ಲಿ ತೇವ ಜಾಸ್ತಿಯಾದಾಗ ಮರ ಅಗಲಕ್ಕೆ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಅದಕ್ಕೂ ಜಾಗ ಬೇಕು ಅಲ್ವಾ? ಎಣ್ಣೆಯನ್ನು ಸುಮ್ನೆ ಮೇಲ್ಮೈಗೆ ಮಾತ್ರವಲ್ಲ, ಅಡಿಗೂ ಹಚ್ಚಿದೆ.

ಈಗ ದಪ್ಪ ನಿಘಂಟುಗಳೆಲ್ಲ ಕೆಳಗೆ ಕೂತಿವೆ. ಬರೆಯುವಾಗ ಮೇಜು ಅಲುಗಾಡುತ್ತಿದ್ದದ್ದೂ ನಿಂತಿದೆ.