ಬಾಗಿಲ ಹಿಂದಿನ 70 ಸೆಕೆಂಡು

ರಂಗಭೂಮಿ ಮತ್ತು ಸಿನಿಮಾದ ಉಡುಪು ವಿನ್ಯಾಸವನ್ನು ಓದಲು ಅಮೆರಿಕಕ್ಕೆ ಹೋದ ಎರಡನೆಯ ವರ್ಷ, ಒಂದು ಇಡೀ ನಾಟಕದ ಉಡುಪಿನ ಹೊಣೆ ಮೊದಲ ಬಾರಿಗೆ ನನ್ನದಾಯಿತು. ನಾಟಕ ನಾರ್ವೆಯ ನಾಟಕಕಾರ ಇಬ್ಸೆನ್ನನ ‘ಎ ಡಾಲ್ಸ್ ಹೌಸ್’. ಮೂರು ವರ್ಷದ ಎಂಎಫ್‌ಎ (ಲಲಿತಕಲೆಯ ಸ್ನಾತಕೋತ್ತರ) ಪದವಿಯಲ್ಲಿ ಚಿತ್ರ ಬರೆಯುವುದು, ಬಣ್ಣ ಹಾಕುವುದು, ಕೋರಾ ಬಟ್ಟೆಯನ್ನು ಬೊಂಬೆಯ ಮೇಲೆ ಹೊದಿಸಿ ಆಕಾರ ತೆಗೆಯುವುದು, ಹೊಸ ಅಂಗಿಯನ್ನು ಉಪ್ಪುಕಾಗದದಿಂದ ಉಜ್ಜಿ ಹತ್ತು ವರ್ಷ ಹಳೆಯದಾಗಿಸುವುದು, ಎಲ್ಲವನ್ನೂ ಕಲಿಸುತ್ತಾರೆ. ಆದರೆ ಈ ವಿದ್ಯೆ ನನಗೆ ನಿಜವಾಗಿ ದಕ್ಕಿದ್ದು ಆ ನಾಟಕದ ಉಡುಪು ತಾಲೀಮಿನ, ಅಂದರೆ ನಟರು ಪೂರ್ತಿ ಉಡುಪು ತೊಟ್ಟು ಮಾಡುವ ತಾಲೀಮಿನ, ಎರಡು ರಾತ್ರಿಗಳಲ್ಲಿ.

ಈ ನಾಟಕ ಮೊದಲು ರಂಗವೇರಿದ್ದು 1879ರ ಡಿಸೆಂಬರಿನಲ್ಲಿ, ಕೋಪನ್‌ಹೇಗನ್ನಿನಲ್ಲಿ. ಯುರೋಪಿನ ಹೆಂಗಸರ ಉಡುಪಿನಲ್ಲಿ ಹಿಂಭಾಗವನ್ನು ಉಬ್ಬಿಸುವ ಬಸಲ್ ಆಗ ಕೆಲವು ವರ್ಷ ಮರೆಯಾಗಿತ್ತು. ಸೊಂಟ ದಾಟಿ ಕೆಳಗಿಳಿಯುವ, ಮೈಗೆ ಅಂಟಿದಂಥ ಮೇಲಂಗಿ, ಅದರೊಳಗೆ ಬಿಗಿದ ಕಾರ್ಸೆಟ್, ಕೊರಳಿನಿಂದ ಕೆಳಗಿನವರೆಗೆ ಸಾಲು ಗುಂಡಿ. ನಾಟಕದ ನಾಯಕಿ ನೋರಾಳ ಮನೆಯ ಉಡುಪಿಗೆ ನಾನು ಬೂದುನೀಲಿಯ ಉಣ್ಣೆಬಟ್ಟೆ ಆರಿಸಿ, 18 ಗುಂಡಿ ಬರೆದಿದ್ದೆ. ಮೂರನೆಯ ಅಂಕದಲ್ಲಿ ಅವಳು ಇಟಲಿಯ ಬೆಸ್ತರ ಹುಡುಗಿಯ ವೇಷದಲ್ಲಿ, ಮೇಲೊಂದು ಕರಿಯ ಶಾಲು ಹೊದ್ದು ಔತಣದಿಂದ ಮರಳುತ್ತಾಳೆ. ಆ ವೇಷ ಗಂಡ ಹೊಲಿಸಿಕೊಟ್ಟದ್ದು. ಗಂಡನಿಗೆ ತಿಳಿಯದಂತೆ ಅವಳು ಮಾಡಿದ್ದ ಸಾಲದ ಗುಟ್ಟು ಬಯಲಾಗಿ, ಗಂಡ ಮೊದಲು ಹಂಗಿಸಿ ಆಮೇಲೆ ಕ್ಷಮಿಸಿದ ಮೇಲೆ, ಅವಳು ಒಳಕೋಣೆಗೆ ಹೋಗಿ ವೇಷ ಕಳಚಿ, ದಿನದ ಬಟ್ಟೆ ತೊಟ್ಟು ಹೊರಗೆ ಬರುತ್ತಾಳೆ. ಮನೆ ಬಿಡುವ ನಿರ್ಧಾರ ಅವಳ ಬಾಯಿಗೆ ಬರುವ ಮೊದಲೇ ಮೈಮೇಲೆ ಬಂದಿರುತ್ತದೆ. ಇಡೀ ನಾಟಕ ಈ ಒಂದು ಬಟ್ಟೆಯ ಬದಲಾವಣೆಯ ಮೇಲೆ ನಿಂತಿದೆ ಎಂದು ನಾನು ಆಗಲೂ ನಂಬಿದ್ದೆ, ಈಗಲೂ ನಂಬುತ್ತೇನೆ.

ಅವಳು ಒಳಗಿರುವಷ್ಟು ಹೊತ್ತೂ ಗಂಡ ಬಾಗಿಲಲ್ಲಿ ನಿಂತು ತನ್ನ ದೊಡ್ಡ ಮನಸ್ಸಿನ ಬಗ್ಗೆ ಮಾತಾಡುತ್ತಿರುತ್ತಾನೆ. ನಮ್ಮ ಪ್ರಯೋಗದಲ್ಲಿ ಆ ಮಾತಿಗೆ ಹಿಡಿಯುತ್ತಿದ್ದದ್ದು 70 ಸೆಕೆಂಡು. ಆ ಅಂಕಿ ನನ್ನ ಪಟ್ಟಿಯಲ್ಲಿತ್ತು. ಯಾರು, ಯಾವ ದೃಶ್ಯದಲ್ಲಿ, ಏನು ತೊಡುತ್ತಾರೆ ಎಂದು ಬರೆದಿಡುವ ಆ ಪಟ್ಟಿಯನ್ನು ನಾಟಕ ಓದಿದ ವಾರವೇ ಮಾಡಿದ್ದೆ. ಆದರೆ ಆ ಅಂಕಿಯನ್ನೂ 18 ಗುಂಡಿಗಳನ್ನೂ ಒಟ್ಟಿಗೆ ಇಟ್ಟು ನೋಡಿರಲಿಲ್ಲ.

ಮೊದಲ ಉಡುಪು ತಾಲೀಮಿನ ರಾತ್ರಿ ನಾನು ರಂಗದ ಪಕ್ಕದ ಕತ್ತಲಲ್ಲಿ ನಿಂತಿದ್ದೆ. ಒಂದು ಸಣ್ಣ ನೀಲಿ ದೀಪ, ಉಡುಪು ತೊಡಿಸುವ ಇಬ್ಬರು ಹುಡುಗಿಯರು. ಶಾಲು ಇಳಿಯಿತು, ಲಂಗದ ಲಾಡಿ ಬಿಚ್ಚಿತು, ನೀಲಿ ಉಡುಪು ತೋಳಿಗೆ ಏರಿತು, ಗುಂಡಿಗಳು ಶುರುವಾದವು. ಗಂಡನ ಮಾತು ಮುಗಿದಾಗ ಹನ್ನೊಂದನೆಯ ಗುಂಡಿ. ಆ ಮೇಲಿನ ಮೌನ ಎಷ್ಟು ಹೊತ್ತಿನದೋ ಎಂದು ಅನಿಸಿದರೂ ಗಡಿಯಾರದಲ್ಲಿ 38 ಸೆಕೆಂಡು. ನಟ ದೀಪದ ಬತ್ತಿ ಸರಿಮಾಡಿದ, ಕುರ್ಚಿ ಸರಿಸಿದ, ಇನ್ನು ಮಾಡಲು ಏನೂ ಉಳಿಯದೆ ಸುಮ್ಮನೆ ನಿಂತ. ನಟಿ ಏದುಸಿರು ಬಿಡುತ್ತ ಬಂದಳು. ಒಂದು ಗುಂಡಿ ಪಕ್ಕದ ಕಾಜಾಕ್ಕೆ ಸಿಕ್ಕಿ ಎದೆಯ ಮೇಲೆ ಬಟ್ಟೆ ಸೊಟ್ಟಗಾಗಿತ್ತು. ಎಂಟು ವರ್ಷದ ಸಂಸಾರವನ್ನು ಮುಗಿಸಲು ಬಂದ ಹೆಂಗಸು ಬಸ್ಸಿಗೆ ಓಡಿ ಬಂದವಳಂತೆ ಕಂಡಳು. ಅವಳ ಅಷ್ಟು ದಿನದ ಅಭಿನಯವನ್ನು ನನ್ನ ಹೊಲಿಗೆ ಕೆಡಿಸಿತು ಎಂಬ ಸಂಕಟ ನನ್ನನ್ನು ನೇರ ಹೊಲಿಗೆಯ ಕೋಣೆಗೆ ಒಯ್ದಿತು.

ದಾರಿಗಳು ಇದ್ದವು. ವೇಷದ ಒಳಗೇ ನೀಲಿ ಉಡುಪನ್ನು ಮೊದಲೇ ತೊಡಿಸಿಬಿಡಬಹುದು, ಆದರೆ ಉಣ್ಣೆಯ ದಪ್ಪ ಭುಜದಲ್ಲಿ ಎದ್ದು ಕಾಣುತ್ತದೆ. ವೆಲ್ಕ್ರೋ ಹಚ್ಚಬಹುದು, ಆದರೆ ಅದು ಬಿಚ್ಚಿ ಅಂಟಿಕೊಳ್ಳುವಾಗಿನ ಚರ್ರೆನ್ನುವ ಸದ್ದು ಕೊನೆಯ ಸಾಲಿನವರೆಗೆ ಕೇಳುತ್ತದೆ. ಅಲ್ಲಿ ನಡುರಾತ್ರಿಯಾದರೆ ನಮ್ಮೂರು ಗುಳೇದಗುಡ್ಡದಲ್ಲಿ ಬೆಳಗಿನ ಹತ್ತೂವರೆ. ಖಣದ ರವಿಕೆ ಹೊಲಿಯುತ್ತ ಮಷೀನಿನ ಮುಂದೆ ಕೂತಿದ್ದ ಅವ್ವನಿಗೆ ಫೋನು ಮಾಡಿದೆ. ನಾಟಕದ ಕಥೆ ಕೇಳಿ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ಗುಂಡಿ ನೋಡೂವ್ರಿಗೆ, ಹುಕ್ಕ ತೊಡೂವ್ರಿಗೆ. ಎರಡೂ ಒಂದ ಕಡೆ ಯಾಕ ಇರಬೇಕವಾ?” ಎಂದಳು.

ಆ ರಾತ್ರಿಯೇ 18 ಗುಂಡಿಗಳನ್ನೂ ಎದೆಯ ಮೇಲಿನ ಬಟ್ಟೆಪಟ್ಟಿಗೆ ಕಾಯಂ ಆಗಿ ಹೊಲಿದು, ಅದರಡಿಯಲ್ಲಿ ಏಳು ದೊಡ್ಡ ಟಿಚ್ ಬಟನ್ ಕೂರಿಸಿದೆ. ಪಟ್ಟಿಗೆ ಹೆಚ್ಚಿನ ಅಗಲ ಬೇಕಿತ್ತು. ಪಕ್ಕೆಯ ಹೊಲಿಗೆಯೊಳಗೆ ಬಿಟ್ಟಿದ್ದ ಬಟ್ಟೆ ಅದಕ್ಕೆ ಒದಗಿತು. ಮುಂದೆ ಬೇರೆ ನಟಿಗೂ ಹೊಂದಿಸಬೇಕಾದೀತೆಂದು ರಂಗದ ಉಡುಪಿನಲ್ಲಿ ಒಳಗೆ ಧಾರಾಳವಾಗಿ ಬಟ್ಟೆ ಬಿಡುತ್ತಾರೆ. ಮೈ ಬೆಳೆಯುವ ಹುಡುಗಿಯರ ರವಿಕೆಯಲ್ಲಿ ಅವ್ವ ಎರಡು ಬೆರಳು ಬಿಡುವುದೂ ಇದೇ ಲೆಕ್ಕದಲ್ಲಿ. ಮೇಲಂಗಿ ಮತ್ತು ಲಂಗವನ್ನು ಸೇರಿಸಿ ಹೊಲಿದು ಒಂದೇ ಉಡುಪು ಮಾಡಿದೆ. ಕತ್ತಲಲ್ಲಿ ಕೈಗೆ ಸಿಗಲೆಂದು ಕೊರಳಿನ ಒಳಗೆ ದಪ್ಪ ದಾರದ ಗಂಟು ಹಾಕಿದೆ. ಮರುದಿನ ಮಧ್ಯಾಹ್ನ ನಟಿ, ಆ ಇಬ್ಬರು ಹುಡುಗಿಯರು, ನಾನು ಸೇರಿ ಬದಲಾವಣೆಯೊಂದನ್ನೇ ಹನ್ನೆರಡು ಸಲ ತಾಲೀಮು ಮಾಡಿದೆವು. ಒಬ್ಬಳು ಶಾಲು ಮತ್ತು ಹುಕ್ಕು ಬಿಡಿಸುವಷ್ಟರಲ್ಲಿ ಇನ್ನೊಬ್ಬಳು ಮೊಣಕಾಲೂರಿ ಉಡುಪನ್ನು ನೆಲದ ಮೇಲೆ ಬಾವಿಯಂತೆ ಬಾಯಿ ತೆರೆದು ಹಿಡಿಯಬೇಕು. ನಟಿ ಅದರೊಳಗೆ ಕಾಲಿಡಬೇಕು.

ಆ ರಾತ್ರಿ ಬದಲಾವಣೆ 64 ಸೆಕೆಂಡಿಗೆ ಮುಗಿಯಿತು. ಉಳಿದ ಆರು ಸೆಕೆಂಡು ಅವಳು ಬಾಗಿಲ ಹಿಂದೆ ಕಣ್ಣು ಮುಚ್ಚಿ ನಿಂತಿದ್ದಳು. ಅವಳ ಉಸಿರು ತಹಬಂದಿಗೆ ಬರುವುದನ್ನು ನಾನು ಪಕ್ಕದಲ್ಲಿ ನಿಂತು ನೋಡಿದೆ. ನಿಧಾನವಾಗಿ ಹೊರಗೆ ನಡೆದಳು. ಬಟ್ಟೆ ಬದಲಿಸಿದ್ದೇನೆ ಎಂದು ಅವಳು ಗಂಡನಿಗೆ ಹೇಳಿದಾಗ ರಂಗಮಂದಿರದಲ್ಲಿ ಒಂದು ಕೆಮ್ಮೂ ಕೇಳಲಿಲ್ಲ.

ಮೂರನೆಯ ವರ್ಷ ಸಿನಿಮಾ ಉಡುಪಿನ ತರಗತಿಗೆ ನಾನು 1997ರ ‘ತಾಯಿ ಸಾಹೇಬ’ವನ್ನು ಒಯ್ದಿದ್ದೆ. ವೈಶಾಲಿ ಕಾಸರವಳ್ಳಿಯವರಿಗೆ ಉಡುಪು ವಿನ್ಯಾಸದ ರಾಷ್ಟ್ರಪ್ರಶಸ್ತಿ ತಂದ ಆ ಚಿತ್ರವನ್ನು ನಿಲ್ಲಿಸಿ ನಿಲ್ಲಿಸಿ ನೋಡಿದಾಗ ಕ್ಯಾಮೆರಾ ಬಟ್ಟೆಯನ್ನು ಎಷ್ಟು ಹತ್ತಿರದಿಂದ ಓದುತ್ತದೆಂದು ಗೊತ್ತಾಯಿತು. ಅದೇ ತರಗತಿಗಾಗಿ ನೋರಾಳ ದೃಶ್ಯವನ್ನು ಅದೇ ನಟಿ, ಅದೇ ನೀಲಿ ಉಡುಪಿನಲ್ಲಿ ಚಿತ್ರೀಕರಿಸಿದೆವು. ಹತ್ತಿರದ ಶಾಟ್‌ನಲ್ಲಿ ಸುಳ್ಳು ಸಿಕ್ಕಿಬಿತ್ತು: ನಿಜವಾದ ಗುಂಡಿ ಬಟ್ಟೆಯನ್ನು ಕೂದಲೆಳೆಯಷ್ಟು ತನ್ನತ್ತ ಎಳೆದಿರುತ್ತದೆ, ಸುತ್ತ ಸಣ್ಣ ಗೆರೆಗಳು ಮೂಡುತ್ತವೆ, ನನ್ನ ಗುಂಡಿಗಳ ಸುತ್ತ ಬಟ್ಟೆ ಇಸ್ತ್ರಿ ಹಾಕಿದಷ್ಟು ಸಪಾಟಾಗಿತ್ತು. ಟಿಚ್ ಬಟನ್‌ಗಳನ್ನೆಲ್ಲ ಕಿತ್ತು, ಕಾಜಾ ಕತ್ತರಿಸಿ ಹೊಲಿದು, ಮರುವಾರ ಮತ್ತೆ ಚಿತ್ರೀಕರಿಸಿದೆವು. ಈ ಸಲ ತೊಡಿಸುವವರು ಯಾರೂ ಇರಲಿಲ್ಲ. ಕನ್ನಡಿಯ ಮುಂದೆ ಅವಳೇ ಒಂದೊಂದಾಗಿ ಗುಂಡಿ ಹಾಕಿಕೊಂಡಳು, ಎರಡು ನಿಮಿಷ ಹಿಡಿಯಿತು. ಸಂಕಲನದಲ್ಲಿ ಕೊರಳಿನ ಕೊನೆಯ ನಾಲ್ಕು ಗುಂಡಿ ಉಳಿದವು.

ಅದನ್ನು ಅವ್ವನಿಗೆ ಕಳಿಸಿದೆ. ಅವಳು ಮೊದಲು ಕೇಳಿದ್ದು, ಕಾಜಾ ಕೈಲೆ ಹಾಕೀಯೋ ಮಷೀನಿನಾಗೋ ಎಂದು. ಕೈಯಲ್ಲೇ ಹಾಕಿದ್ದೆ, ಹದಿನೆಂಟನ್ನೂ.