ಕಪ್ಪು ಕನ್ನಡಕ ತೆಗೆದ ಮೇಲೆ

2023ರ ನವೆಂಬರಿನ ಒಂದು ಬೆಳಿಗ್ಗೆ, ಶಿರಸಿಯಿಂದ ಕಾರವಾರಕ್ಕೆ ಹೊರಟ ಬಸ್ಸಿನಲ್ಲಿ ಎಡಬದಿಯ ಕಿಟಕಿಯ ಪಕ್ಕ ಕುಳಿತಿದ್ದೆ. ದೇವಿಮನೆ ಘಟ್ಟ ಇಳಿಯುವಾಗ ಮರಗಳ ಸಂದಿಯಿಂದ ಬಿಸಿಲು ಹೊಳೆದು, ಮರೆಯಾಗಿ, ಮತ್ತೆ ಹೊಳೆದು ಮುಖದ ಮೇಲೆ ಬೀಳುತ್ತಿತ್ತು. ಕಣ್ಣು ಮುಚ್ಚಿಕೊಂಡರೂ ರೆಪ್ಪೆಯೊಳಗೆ ಕೆಂಪು, ಕಪ್ಪು ಪಟ್ಟೆಗಳು ಓಡುತ್ತಲೇ ಇದ್ದವು. ಕುಮಟಾ ತಲುಪುವಷ್ಟರಲ್ಲಿ ಬಲಗಣ್ಣಿನ ಹಿಂದೆ ನೋವು ಶುರುವಾಯಿತು, ಅಂಕೋಲೆಯಲ್ಲಿ ಹೊಟ್ಟೆ ತೊಳಸತೊಡಗಿತು. ಕಾರವಾರದಲ್ಲಿ ಇಳಿದಾಗ ತಲೆ ಎತ್ತಲಾಗದೆ ಅಕ್ಕನ ಕೈ ಹಿಡಿದು ರಸ್ತೆ ದಾಟಿದೆ.

ನಾನು ಅಡಿಕೆ ವಹಿವಾಟಿನ ಸಂಸ್ಥೆಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವಳು. ಟೆಂಡರಿನ ದಿನಗಳಲ್ಲಿ ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಎಂಬ ಅಡಿಕೆ ಬಗೆಗಳ ತೂಕ ಮತ್ತು ದರವನ್ನು ಕಂಪ್ಯೂಟರಿಗೆ ಏರಿಸುತ್ತ ಕುಳಿತರೆ ಮಧ್ಯಾಹ್ನದ ಊಟದವರೆಗೆ ಏಳುವಂತಿರಲಿಲ್ಲ. ತಲೆಯ ಮೇಲೆ ಚೋಕಿನ ಹಳೆಯ ಟ್ಯೂಬ್‌ಲೈಟು; ಅಂಥದ್ದು ಸೆಕೆಂಡಿಗೆ 100 ಸಲ ಮಿನುಗುತ್ತದೆ, ನಮಗೆ ಕಾಣುವುದಿಲ್ಲ ಅಷ್ಟೆ. ಎರಡು ವರ್ಷಗಳಿಂದ ತಲೆನೋವು ಹೆಚ್ಚುತ್ತಲೇ ಬಂದಿತ್ತು. ಬೆಳಕಿನಿಂದಲೇ ಇದೆಲ್ಲ ಎಂದು ನಂಬಿ ನಾನು ಕಪ್ಪು ಕನ್ನಡಕ ಹಾಕಿಕೊಂಡೆ, ಮೊದಲು ಬಿಸಿಲಿನಲ್ಲಿ, ಆಮೇಲೆ ಕಚೇರಿಯಲ್ಲಿ, ಕೊನೆಗೆ ಅಡುಗೆಮನೆಯಲ್ಲಿಯೂ. “ಒಲೆಯ ಮುಂದೆಯೂ ಅದು ಯಾಕೆ ಮಾರಾಯ್ತಿ?” ಎಂದು ಕೇಳಿದ ಅಕ್ಕ, ಅಂದು ಸಂಜೆಯೇ ತನಗೆ ಪರಿಚಯವಿದ್ದ ಕಣ್ಣಿನ ವೈದ್ಯರ ಬಳಿಗೆ ಕರೆದುಕೊಂಡು ಹೋದಳು.

ವೈದ್ಯರು ಪೆನ್ನೊಂದನ್ನು ನನ್ನ ಮೂಗಿನ ನೇರಕ್ಕೆ ಹಿಡಿದು, ನಿಧಾನವಾಗಿ ಹತ್ತಿರ ತರುತ್ತ, ಅದು ಎರಡಾಗಿ ಕಂಡ ಕೂಡಲೇ ಹೇಳಬೇಕೆಂದರು. ಇನ್ನೂ ಒಂದು ಗೇಣು ದೂರವಿದ್ದಾಗಲೇ ಪೆನ್ನು ಎರಡಾಯಿತು. ಹತ್ತಿರದ್ದನ್ನು ನೋಡಲು ಎರಡೂ ಕಣ್ಣುಗಳು ಒಳಕ್ಕೆ ತಿರುಗಬೇಕು. ನನ್ನ ಕಣ್ಣುಗಳು ಅದಕ್ಕೆ ದಿನವಿಡೀ ಹೆಣಗುತ್ತಿದ್ದವು. ಪರದೆಯನ್ನು ದಿಟ್ಟಿಸುವಾಗ ರೆಪ್ಪೆ ಮಿಟುಕಿಸುವುದು ಕಡಿಮೆಯಾಗಿ ಕಣ್ಣು ಒಣಗಿತ್ತು. ಕಣ್ಣಿನ ಮುಂಪೊರೆಗೂ ಮಿದುಳಿನ ಹೊದಿಕೆಗೂ ನೋವಿನ ಸುದ್ದಿ ಒಯ್ಯುವುದು ಒಂದೇ ನರ, ಹಾಗಾಗಿ ಮೊದಲೇ ಅರೆತಲೆನೋವು ಇರುವವರಲ್ಲಿ ಕಣ್ಣಿನ ಉರಿ ತಲೆನೋವನ್ನು ಕೆರಳಿಸಬಹುದು ಎಂದು ಅವರು ವಿವರಿಸಿದರು.

ಅವರು ಹೇಳಿದ ಇನ್ನೊಂದು ಸಂಗತಿಯನ್ನು ನಾನು ಮರೆಯಲಾರೆ. 2010ರಲ್ಲಿ ಬಾಸ್ಟನ್ನಿನ ಸಂಶೋಧಕರು ದೃಷ್ಟಿ ಕಳೆದುಕೊಂಡಿದ್ದ ಅರೆತಲೆನೋವಿನ ರೋಗಿಗಳನ್ನು ಪರೀಕ್ಷಿಸಿದಾಗ, ರೂಪ ಕಾಣದಿದ್ದರೂ ಬೆಳಕಿನ ಅರಿವು ಉಳಿದಿದ್ದವರಿಗೆ ಬೆಳಕಿನಿಂದ ನೋವು ಹೆಚ್ಚುತ್ತಿತ್ತು, ಬೆಳಕಿನ ಅರಿವೇ ಇಲ್ಲದವರಿಗೆ ಹೆಚ್ಚುತ್ತಿರಲಿಲ್ಲ. ಅಕ್ಷಿಪಟಲದಲ್ಲಿ ಮೆಲನಾಪ್ಸಿನ್ ಎಂಬ ವರ್ಣದ್ರವ್ಯವುಳ್ಳ ಕೆಲವು ಕೋಶಗಳಿವೆ, ನೀಲಿ ಬೆಳಕಿಗೆ ಅವು ಹೆಚ್ಚು ಸ್ಪಂದಿಸುತ್ತವೆ. ಅವುಗಳ ಸಂದೇಶ ಮಿದುಳಿನ ಥಲಾಮಸ್ ಎಂಬ ಭಾಗದಲ್ಲಿ ನೋವಿನ ನರಕೋಶಗಳನ್ನು ಸೇರುತ್ತದೆ. ಬೆಳಕಿಗೆ ನೋವಾಗುವುದೆಲ್ಲ ಕಲ್ಪನೆ, ಕೆಲಸ ತಪ್ಪಿಸುವ ನೆಪ ಎಂಬ ಮಾತುಗಳನ್ನು ಎರಡು ವರ್ಷ ಕೇಳಿದ್ದ ನನಗೆ ಅಲ್ಲಿಯೇ ಕಣ್ಣು ತುಂಬಿ ಬಂತು.

ಆದರೆ ಮನೆಯೊಳಗೆ ಕಪ್ಪು ಕನ್ನಡಕ ಬೇಡವೇ ಬೇಡ ಎಂದು ಅವರು ಖಂಡಿತವಾಗಿ ಹೇಳಿದರು. ಕತ್ತಲೆಗೆ ಒಗ್ಗಿದ ಕಣ್ಣಿಗೆ ಸಾಧಾರಣ ಬೆಳಕೂ ಚುಚ್ಚುತ್ತದೆ. ನಾನು ಬೆಳಕನ್ನು ದೂರವಿಟ್ಟಷ್ಟೂ ಅದು ಇನ್ನಷ್ಟು ಅಸಹನೀಯವಾಗಿತ್ತು. ಮಾತ್ರೆಗಳ ಲೆಕ್ಕವನ್ನೂ ಕೇಳಿದರು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದೆ, ಅಕ್ಟೋಬರಿನಲ್ಲಿ 18 ದಿನ. ಸಾಮಾನ್ಯ ನೋವಿನ ಮಾತ್ರೆಯನ್ನು ತಿಂಗಳಿಗೆ 15 ಅಥವಾ ಹೆಚ್ಚು ದಿನ, ಮೂರು ತಿಂಗಳಿಗೂ ಮೀರಿ ನುಂಗಿದರೆ ಮಾತ್ರೆಯೇ ತಲೆನೋವಿಗೆ ಕಾರಣವಾಗಬಹುದಂತೆ. ಅದಕ್ಕಾಗಿ ನರರೋಗ ತಜ್ಞರಿಗೆ ಚೀಟಿ ಬರೆದುಕೊಟ್ಟರು.

ಮಾತ್ರೆ ಬಿಟ್ಟ ಮೊದಲ ಎರಡು ವಾರ ಬಹಳ ಕಷ್ಟವಾಯಿತು. ಕನ್ನಡಕವನ್ನು ಮೊದಲು ಅಡುಗೆಮನೆಯಲ್ಲಿ ತೆಗೆದೆ, ತಿಂಗಳ ನಂತರ ಕಚೇರಿಯಲ್ಲಿ. ಕಣ್ಣಿನ ವೈದ್ಯರು ಹೇಳಿಕೊಟ್ಟ ವ್ಯಾಯಾಮ ಪ್ರತಿ ಸಂಜೆ ನಡೆಯಿತು. ಟ್ಯೂಬ್‌ಲೈಟನ್ನು ಕೇಳಿದ ಮರುದಿನವೇ ಬದಲಿಸಿಕೊಟ್ಟರು, ಮೊದಲೇ ಕೇಳಬಹುದಿತ್ತು.

ಮಾರ್ಚಿನಲ್ಲಿ ಶಿರಸಿಯ ಮಾರಿಕಾಂಬೆಯ ಜಾತ್ರೆ ಬಂತು. ರಾತ್ರಿ ಬಿಡಕಿಬಯಲಿನಲ್ಲಿ ದೇವಿಗೆ ಕೈ ಮುಗಿದು, ಅಂಗಡಿ ಸಾಲಿನ ದೀಪಗಳ ನಡುವೆ ಬರಿಗಣ್ಣಿನಲ್ಲಿ ಅರ್ಧ ಗಂಟೆ ನಡೆದೆ. ಬಲಗಣ್ಣಿನ ಹಿಂದೆ ಸಣ್ಣಗೆ ಸೆಳೆತ ಶುರುವಾದಾಗ ಮನೆಗೆ ಬಂದು ಮಲಗಿದೆ. ಮರುದಿನ ಬೆಳಿಗ್ಗೆ ಕ್ಯಾಲೆಂಡರಿನಲ್ಲಿ ಮಾತ್ರೆಯ ಗುರುತು ಹಾಕಬೇಕಾಗಿ ಬರಲಿಲ್ಲ.