ಗ್ರಾವಿಟಿ ಎಷ್ಟಿದೆ ಅಂತ ಅಪ್ಪ ಕೇಳಿದರು

ಕೊಂಡು ಒಂಬತ್ತೇ ದಿನ. ದೊಡ್ಡ ರಸ್ತೆಯ ಕೆಳಗಿನ ಸುರಂಗದಿಂದ ಮೇಲೇರುವ ಕಡೆ ನಮ್ಮ ಗಾಲ್ಫ್ ಕಾರ್ಟ್ ತೆವಳಿತು, ಆಮೇಲೆ ನಿಂತೇಬಿಟ್ಟಿತು. ಹಿಂದಿನ ಸೀಟಿನಲ್ಲಿ ಎರಡು ಕ್ಯಾನ್ ಹಾಲು, ಒಂದು ಚೀಲ ಈರುಳ್ಳಿ. ಪಕ್ಕದಲ್ಲಿ ಹೆಂಡತಿ. ಅವಳು ಏನೂ ಅನ್ನಲಿಲ್ಲ. ಬೈದಿದ್ದರೇ ವಾಸಿ ಇತ್ತು.

ಹಿಂದೆ ಬರುತ್ತಿದ್ದ ಕಾರ್ಟ್‌ನಿಂದ ಇಬ್ಬರು ಹೈಸ್ಕೂಲ್ ಹುಡುಗರು ಇಳಿದು, ಟೋ ಸ್ವಿಚ್ ಹಾಕಿದ್ದೀರಾ ಅಂತ ಕೇಳಿದರು. ಸೀಟಿನ ಕೆಳಗೆ ರನ್, ಟೋ ಅಂತ ಒಂದು ಸ್ವಿಚ್ ಇದೆ ಅಂತ ನನಗೆ ಗೊತ್ತಾಗಿದ್ದೇ ಅವತ್ತು. ರನ್‌ನಲ್ಲಿಟ್ಟು ತಳ್ಳಿದರೆ ಮೋಟರೇ ಬ್ರೇಕ್ ಹಾಕಿದ ಹಾಗೆ ಹಿಡಿದುಕೊಳ್ಳುತ್ತದೆ. ಟೋಗೆ ಹಾಕಿ, ಹಗ್ಗ ಕಟ್ಟಿ, ಮನೆವರೆಗೆ ಎಳೆದು ತಂದರು.

ನಾವಿರುವುದು ಜಾರ್ಜಿಯಾದ ಪೀಚ್‌ಟ್ರೀ ಸಿಟಿಯಲ್ಲಿ, ಅಟ್ಲಾಂಟಾದ ದಕ್ಷಿಣಕ್ಕೆ. ಕಾರಿನ ರಸ್ತೆ ಬಿಟ್ಟು, ಮರಗಳ ನಡುವೆ, ಕೆರೆಗಳ ಪಕ್ಕ 160 ಕಿಲೋಮೀಟರಿಗೂ ಜಾಸ್ತಿ ದಾರಿ ಇಲ್ಲಿದೆ. ಅದರಲ್ಲಿ ನಡೆಯುವವರು, ಸೈಕಲ್‌ನವರು, ಗಾಲ್ಫ್ ಕಾರ್ಟ್‌ನವರು ಓಡಾಡುತ್ತಾರೆ. ಗಾಲ್ಫ್ ಆಡದವರ ಮನೆಯಲ್ಲೂ ಕಾರ್ಟ್ ಇರುತ್ತದೆ. ದಿನಸಿಗೆ, ಲೈಬ್ರರಿಗೆ, ಶಾಲೆಗೆ ಎಲ್ಲಾ ಅದರಲ್ಲೇ. ಹೈಸ್ಕೂಲಿನಲ್ಲಿ ಕಾರ್ಟ್ ನಿಲ್ಲಿಸುವುದಕ್ಕೇ ಜಾಗ ಬಿಟ್ಟಿದ್ದಾರೆ. ಊರಲ್ಲಿ ಮನೆಗೊಂದು ಟಿವಿಎಸ್ ಇದ್ದ ಹಾಗೆ ಅಂದುಕೊಳ್ಳಿ.

ಹೊಸದಕ್ಕೆ ಹತ್ತು ಸಾವಿರ ಡಾಲರ್ ದಾಟುತ್ತಿತ್ತು. ಹಾಗಾಗಿ 2023ರ ಅಕ್ಟೋಬರಿನಲ್ಲಿ 2006ರ ಕ್ಲಬ್ ಕಾರ್ ಪ್ರೆಸಿಡೆಂಟ್ ಒಂದನ್ನು 2,600 ಡಾಲರಿಗೆ ತೆಗೆದುಕೊಂಡೆ. ಇದರ ಚಾಸಿ ಅಲ್ಯೂಮಿನಿಯಂನದು, ತುಕ್ಕು ಹಿಡಿಯುವುದಿಲ್ಲ ಅನ್ನುವಷ್ಟು ಓದಿಕೊಂಡಿದ್ದೆ. ಮಿಕ್ಕಿದ್ದು ಓದಿರಲಿಲ್ಲ. ಮಾರಿದವರು ನಿವೃತ್ತರು, ಒಳ್ಳೆಯ ಮಾತುಗಾರರು. ಹೊಸ ಸೀಟು, ಹೊಳೆಯುವ ಚಕ್ರ, ರೇಡಿಯೋ, ಮುಂದೆ ಎರಡು ಲೈಟು. ಮಲ್ಟಿಮೀಟರ್ ಇಟ್ಟು 51.2 ವೋಲ್ಟ್ ತೋರಿಸಿದರು. 48 ವೋಲ್ಟಿನ ಗಾಡಿಯಲ್ಲಿ 51 ಇದೆ ಅಂದರೆ ಇನ್ನೇನು ಬೇಕು ಅಂತ ದುಡ್ಡು ಎಣಿಸಿದೆ.

ಆಗಷ್ಟೇ ಚಾರ್ಜರ್‌ನಿಂದ ತೆಗೆದ ಬ್ಯಾಟರಿ ಸುಳ್ಳು ಹೇಳುತ್ತದೆ. ಸತ್ತ ಬ್ಯಾಟರಿಯೂ ಒಂದೆರಡು ಗಂಟೆ ಎದೆ ಉಬ್ಬಿಸಿಕೊಂಡು ಕೂತಿರುತ್ತದೆ. ರಾತ್ರಿಯೆಲ್ಲಾ ಸುಮ್ನೆ ಬಿಟ್ಟು ಬೆಳಗ್ಗೆ ನೋಡಬೇಕಿತ್ತು. ಇಲ್ಲವೇ ಏರಿನಲ್ಲಿ ಓಡಿಸುತ್ತಾ ಒಂದೊಂದೇ ಬ್ಯಾಟರಿಗೆ ಮೀಟರ್ ಇಡಬೇಕಿತ್ತು.

ರಾತ್ರಿ ತಿಪಟೂರಿಗೆ ಫೋನ್ ಮಾಡಿದಾಗ ಅಪ್ಪನಿಗೆ ವಿಷಯ ಹೇಳಿದೆ. ಅವರು ಕೇಳಿದ್ದು ಒಂದೇ. "ಗ್ರಾವಿಟಿ ಎಷ್ಟಿದೆ?"

ಅಪ್ಪ ಕೆಇಬಿಯಲ್ಲಿ ಸಬ್‌ಸ್ಟೇಷನ್ ಆಪರೇಟರ್ ಆಗಿದ್ದರು. 1999ರಲ್ಲಿ ಅದು ಕೆಪಿಟಿಸಿಎಲ್ ಆದ ಮೇಲೂ ಅವರ ಬಾಯಲ್ಲಿ ಕೆಇಬಿಯೇ. ಸ್ಟೇಷನ್ನಿನಲ್ಲಿ ಒಂದು ಬ್ಯಾಟರಿ ರೂಮ್ ಇರುತ್ತಿತ್ತು. ಎರಡೆರಡು ವೋಲ್ಟಿನ 55 ಸೆಲ್, ಒಟ್ಟು 110 ವೋಲ್ಟ್. ಲೈನ್ ಕರೆಂಟ್ ಹೋದರೂ ಬ್ರೇಕರ್ ಟ್ರಿಪ್ ಆಗಬೇಕಲ್ಲ, ಅದಕ್ಕೆ. ಹೈಡ್ರೋಮೀಟರಿನಲ್ಲಿ ಆಸಿಡ್ ಎಳೆದು ಗ್ರಾವಿಟಿ ನೋಡಿ ರಿಜಿಸ್ಟರಿನಲ್ಲಿ ಬರೆಯುವುದು ಅವರ ಡ್ಯೂಟಿ. ಗ್ರಾವಿಟಿ ಅಂದರೆ ಬ್ಯಾಟರಿಯ ಆಸಿಡ್ ನೀರಿಗಿಂತ ಎಷ್ಟು ಸಾಂದ್ರ ಅನ್ನುವ ಲೆಕ್ಕ. ನೀರಿಗೆ 1000, ಚಾರ್ಜ್ ಏರಿದಷ್ಟೂ ಆಸಿಡ್ಡಿನದು ಏರುತ್ತದೆ. ಚಿಕ್ಕವನಿದ್ದಾಗ ಊಟದ ಡಬ್ಬಿ ಕೊಡಲು ಹೋದರೆ ಆ ರೂಮಿನ ಹುಳಿ ವಾಸನೆ ಮೂಗಿಗೆ ಅಡರುತ್ತಿತ್ತು. ಈಗ ನನ್ನ ಗ್ಯಾರೇಜಿನಲ್ಲೂ ಅದೇ ವಾಸನೆ.

ಮರುದಿನ ಹೈಡ್ರೋಮೀಟರ್ ತಂದೆ. ಎಂಟು ವೋಲ್ಟಿನ ಆರು ಬ್ಯಾಟರಿ, ಒಂದೊಂದರಲ್ಲಿ ನಾಲ್ಕು ಸೆಲ್, ಒಟ್ಟು 24. ಪೂರ್ತಿ ಚಾರ್ಜ್ ಮಾಡಿ, ತಣ್ಣಗಾಗಲು ಬಿಟ್ಟು, ವಿಡಿಯೋ ಕಾಲ್‌ನಲ್ಲಿ ಅಪ್ಪನನ್ನು ಕೂರಿಸಿಕೊಂಡು ಒಂದೊಂದೇ ಓದಿದೆ. ಅಲ್ಲಿ ಅವರು ಹಳೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ನಾಲ್ಕು ಬ್ಯಾಟರಿಗಳಲ್ಲಿ 1250ರಿಂದ 1260. ಒಂದನೇದು, ಎರಡನೇದರಲ್ಲಿ ಮಾತ್ರ 1190, 1200, ಒಂದು ಸೆಲ್ಲಿನಲ್ಲಿ 1130.

"1130 ಬಿಟ್ರೆ ಎಲ್ಲಾ ಫುಲ್ಲೇ ಇದೆಯಲ್ಲೋ," ಅಂದರು ಅಪ್ಪ.

ಇಲ್ಲ ಅಪ್ಪ, ಈ ಬ್ಯಾಟರಿಗೆ ಫುಲ್ ಅಂದರೆ 1270ರ ಮೇಲಿರಬೇಕಂತೆ, 1200 ಅಂದರೆ ಅರವತ್ತು ಪರ್ಸೆಂಟ್ ಅಂತೆ ಅಂತ ಚಾರ್ಟ್ ಓದಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹೌದು. ನಮ್ಮದು ಕೂತಲ್ಲೇ ಕೂತಿರೋ ಸೆಲ್ಲು. ನಿಂದು ಓಡಾಡೋ ಗಾಡೀದು. ಅದಕ್ಕೆ ಆಸಿಡ್ ಖಾರ ಜಾಸ್ತಿ ಇರುತ್ತೆ." ಅಪ್ಪ ತಪ್ಪು ಒಪ್ಪಿಕೊಂಡಿದ್ದನ್ನು ನಾನು ನೋಡಿದ್ದು ಕಡಿಮೆ. ಆದರೆ ತಕ್ಷಣ ಇನ್ನೊಂದು ಮಾತು ಹೇಳಿದರು. "ಅವೆರಡರಿಂದ ಮಾತ್ರ ಯಾರೋ ಕದೀತಿದಾರೆ ನೋಡು."

ನೋಡಿದೆ. ಆ ಎರಡು ಬ್ಯಾಟರಿಗಳಿಂದ ಒಂದು ಕೆಂಪು ವೈರು, ಒಂದು ಕಪ್ಪು ವೈರು ಡ್ಯಾಶ್‌ಬೋರ್ಡಿಗೆ ಹೋಗಿತ್ತು. ಲೈಟಿಗೆ, ರೇಡಿಯೋಗೆ. ಎರಡು ಎಂಟು ಸೇರಿ ಹದಿನಾರು ವೋಲ್ಟ್, ಹೆಂಗೋ ನಡೆಯುತ್ತೆ ಅಂತ ಯಾರೋ ಎಳೆದಿದ್ದಾರೆ. ಚಾರ್ಜರ್ ಇದನ್ನು ನೋಡುವುದಿಲ್ಲ. ಪಂಕ್ತಿಯಲ್ಲಿ ಕೂತ ಆರು ಜನಕ್ಕೂ ಒಂದೇ ಅಳತೆಯಲ್ಲಿ ಬಡಿಸಿಕೊಂಡು ಹೋಗುತ್ತದೆ. ಆದರೆ ಇಬ್ಬರು ಮಾತ್ರ ರಾತ್ರಿಯೆಲ್ಲಾ ಬೇರೆ ಕೂಲಿ ಮಾಡಿ ಬಂದಿದ್ದಾರೆ. ಅವರ ಹೊಟ್ಟೆ ಯಾವತ್ತೂ ತುಂಬಲ್ಲ. ಹೀಗೆ ಅರೆಹೊಟ್ಟೆಯಲ್ಲಿ ಉಳಿದ ಬ್ಯಾಟರಿಯ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಅಷ್ಟೇ.

ಎರಡೇ ಬದಲಿಸಿದರೆ ಸಾಲದಾ ಅಂತ ಕೇಳಿದೆ. ಟರ್ಮಿನಲ್ ಮೇಲೆ ಏನು ಕೊರೆದಿದೆ ಓದು ಅಂದರು. ಸಿ7. ಇದರ ಅರ್ಥ ಹುಡುಕಿ ನೋಡಿದರೆ ಸಿ ಅಂದರೆ ಮಾರ್ಚ್, 7 ಅಂದರೆ 2017. ಆರೂವರೆ ವರ್ಷದ ಮುದುಕರು. ಅವರ ನಡುವೆ ಹೊಸದು ಕೂರಿಸಿದರೆ ಹೊಸದೂ ಬೇಗ ಹಾಳಾಗುತ್ತದೆ. ಆರನ್ನೂ ಬದಲಿಸಿದೆ. ಟ್ರೋಜನ್ ಟಿ-875, ಎಂಟು ವೋಲ್ಟ್, 170 ಆಂಪಿಯರ್ ಅವರ್. ಹಳೆಯದನ್ನು ವಾಪಸ್ ಕೊಟ್ಟು 1,150 ಡಾಲರ್ ಬಿತ್ತು. ಅಂದರೆ ನಾನು 2,600 ಕೊಟ್ಟಿದ್ದು ಬ್ಯಾಟರಿ ಇಲ್ಲದ ಗಾಡಿಗೆ, ಸೀಟು ನೋಡಿಕೊಂಡು. ಲಿಥಿಯಂ ಹಾಕು, ನೀರು ಹಾಕೋ ರಗಳೆ ಇರಲ್ಲ, ತೂಕವೂ ಕಡಿಮೆ ಅಂತ ಆಫೀಸಿನವರು ಹೇಳಿದರು. ನಿಜವೇ. ಆದರೆ ಅದರಲ್ಲಿ ಅಪ್ಪನಿಗೆ ಫೋನ್ ಮಾಡಿ ಹೇಳುವಂಥದ್ದು ಏನಿರುತ್ತೆ?

ಒಂದೊಂದು ಬ್ಯಾಟರಿ 29 ಕೆಜಿ ಹತ್ತಿರ. ಬೆನ್ನು ಜೋಪಾನ. ಟೋ ಸ್ವಿಚ್ ಹಾಕಿ, ಉಂಗುರ ತೆಗೆದಿಟ್ಟು, ಸ್ಪ್ಯಾನರಿಗೆ ಹಿಡಿಯಿಂದ ಕತ್ತಿನವರೆಗೆ ಇನ್ಸುಲೇಷನ್ ಟೇಪ್ ಸುತ್ತು ಅಂತ ಅಪ್ಪ ಹೇಳಿದ್ದರು. ಮೊದಲೆರಡು ಮಾಡಿದೆ. ಟೇಪು ಸೋಮಾರಿತನದಲ್ಲಿ ಬಿಟ್ಟೆ. ಸ್ಪ್ಯಾನರ್ ಜಾರಿ ಪ್ಲಸ್ಸಿಗೂ ಮೈನಸ್ಸಿಗೂ ಒಟ್ಟಿಗೆ ತಾಗಿತು. ವೆಲ್ಡಿಂಗ್ ಅಂಗಡಿಯ ಬೆಳಕು, ಸ್ಪ್ಯಾನರಿನಲ್ಲಿ ಕಾಳುಮೆಣಸಿನಷ್ಟು ಗುಂಡಿ. ಗ್ಯಾರೇಜ್ ಬಾಗಿಲು ತೆಗೆದಿತ್ತು, ಪುಣ್ಯ. ಚಾರ್ಜ್ ಆಗುವಾಗ ಬರುವ ಹೈಡ್ರೋಜನ್ ಅಲ್ಲೇ ನಿಂತಿದ್ದರೆ ಈ ಕಥೆ ಬೇರೆ ಇರುತ್ತಿತ್ತು. ಇದನ್ನು ಮನೆಯಲ್ಲಿ ಇನ್ನೂ ಹೇಳಿಲ್ಲ.

ಟ್ರೇ ತುಂಬಾ ಬಿಳಿ, ಹಸಿರು ಪುಡಿ. ಅಡುಗೆ ಸೋಡಾ ಕಲಸಿದ ನೀರು ಸುರಿದರೆ ಬುಸಬುಸ ಅಂತ ನೊರೆ ಬಂತು. ನೊರೆ ನಿಲ್ಲುವವರೆಗೆ ಸುರಿದು ತೊಳೆದೆ. ಉಟ್ಟಿದ್ದ ಲುಂಗಿ ಚೆನ್ನಾಗಿಯೇ ಇತ್ತು. ವಾಷಿಂಗ್ ಮೆಷಿನ್‌ನಿಂದ ಹೊರಬಂದಾಗ ಜರಡಿ ಆಗಿತ್ತು. ಕೇಬಲ್ಲುಗಳನ್ನೂ ದಪ್ಪನೆಯವಕ್ಕೆ ಬದಲಿಸಿದೆ. ಬ್ರೇಕ್ ಕೇಬಲ್, ಟೈರು ಎಲ್ಲಾ ಎರಡು ವಾರಾಂತ್ಯದ ಕೆಲಸ, ಅದರಲ್ಲಿ ಹೇಳುವಂಥದ್ದೇನಿಲ್ಲ. ಲೈಟಿಗೆ ಮಾತ್ರ 48 ವೋಲ್ಟನ್ನು 12ಕ್ಕೆ ಇಳಿಸುವ ಡಬ್ಬಿ ಹಾಕಿಸಿದೆ. ಈಗ ಆರೂ ಬ್ಯಾಟರಿಗಳು ಸಮವಾಗಿ ದುಡಿಯುತ್ತವೆ.

ಮೊದಲ ತಿಂಗಳುಗಳಲ್ಲಿ ದೂರ ಹೋಗಲಿಲ್ಲ. ಹೊಸ ಬ್ಯಾಟರಿ ಐವತ್ತು ನೂರು ಸಲ ಚಾರ್ಜ್ ಆಗುವವರೆಗೆ ಪೂರ್ತಿ ಶಕ್ತಿ ಕೊಡುವುದಿಲ್ಲ. ಒಂದು ಮೈಲಿ ಹೋಗಿಬಂದರೂ ಚಾರ್ಜಿಗೆ ಹಾಕುತ್ತೇನೆ. ತಿಂಗಳಿಗೊಮ್ಮೆ ನೀರು ನೋಡುತ್ತೇನೆ, ಡಿಸ್ಟಿಲ್ಡ್ ವಾಟರ್ ಮಾತ್ರ, ಅದೂ ಚಾರ್ಜ್ ಆದ ಮೇಲೆ. ಮೊದಲೇ ತುಂಬಿಸಿದರೆ ಚಾರ್ಜಿನಲ್ಲಿ ಉಕ್ಕಿ ಆಸಿಡ್ ಹೊರಗೆ ಬರುತ್ತದೆ. ಆ ಟ್ರೇ ಗತಿ ಹಾಗಾಗಿದ್ದು ಅದಕ್ಕೇ ಇರಬೇಕು. ಪ್ಲೇಟು ಒಣಗಿ ಕಾಣುತ್ತಿದ್ದರೆ ಮಾತ್ರ, ಮುಳುಗುವಷ್ಟು ಮೊದಲೇ ಹಾಕಬೇಕು. ಓಡಿಸಿ ಬಂದ ಮೇಲೆ ಟರ್ಮಿನಲ್‌ಗಳ ಹತ್ತಿರ ಕೈ ಹಿಡಿಯುತ್ತೇನೆ. ಯಾವುದು ಬಿಸಿಯೋ ಅದರ ನಟ್ಟು ಸಡಿಲ.

ಈ ಬೇಸಿಗೆಯಲ್ಲಿ ಅಪ್ಪ ಬಂದರು. ಬಂದ ಮರುದಿನ ನಿದ್ದೆ ಬಾರದೆ, ಕಾಫಿಗೂ ಮೊದಲೇ ಗ್ಯಾರೇಜಿಗೆ ಹೋಗಿದ್ದಾರೆ. ನಾನು ಎದ್ದು ಹೋಗುವಷ್ಟರಲ್ಲಿ 24 ಸೆಲ್ಲನ್ನೂ ನೋಡಿ ಮುಗಿಸಿದ್ದರು. ಹೈಡ್ರೋಮೀಟರ್ ಕಣ್ಣಿನ ಮಟ್ಟಕ್ಕೆ ಹಿಡಿದು ಓದಬೇಕು, ನೀನು ಮೇಲಿಂದ ಬಗ್ಗಿ ಓದ್ತಿದೀಯ ಅಂದರು. ನನ್ನ ನೋಟ್‌ಬುಕ್ಕಿನಲ್ಲಿ ಹಿಂದಿನ ದಿನ ನಾನು ಬರೆದಿದ್ದ ಹದಿನಾಲ್ಕನೇ ಸೆಲ್ಲಿನ 1275 ಹೊಡೆದುಹಾಕಿ 1270 ಮಾಡಿದ್ದರು. ಪಕ್ಕದಲ್ಲಿ ಸಹಿ, ಅದರ ಕೆಳಗೆ ಹೊತ್ತು: 05.40.